ಕಣ್ಣಿನಿಂದಲೋ, ಕಾಲಿನಿಂದಲೋ? ಎಂಎಸ್ ಇರುವವರ ನೋಟದ ಕಷ್ಟಕ್ಕೆ ಅಂಕ ಹಾಕುವ ಕೆಲಸ

ಚಾರ್ಟಿನ ಸಣ್ಣಕ್ಷರದ ಸಾಲನ್ನೂ ತಪ್ಪಿಲ್ಲದೆ ಓದಿ, 6/6, ಅಂದರೆ ಸಹಜ ದೃಷ್ಟಿ, ಎಂದು ಬರೆಸಿಕೊಂಡು ಹೊರಗೆ ಬಂದು, ‘ಆದ್ರೂ ನನಗೆ ಮೊದಲಿನ ಹಾಗೆ ಕಾಣಲ್ಲ’ ಎನ್ನುವವರು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರಲ್ಲಿ ತೀರ ಸಾಮಾನ್ಯ. ಅವರು ಇಲ್ಲದ್ದನ್ನು ಹೇಳುತ್ತಿಲ್ಲ. ಚಾರ್ಟು ಕೇಳುವುದು ಒಂದೇ ಪ್ರಶ್ನೆ: ಬಿಳಿಯ ಮೇಲಿನ ಅಚ್ಚ ಕಪ್ಪು ಅಕ್ಷರವನ್ನು ತಂಪು ಕೋಣೆಯಲ್ಲಿ ಕೂತು ನೋಡಿದರೆ ಎಷ್ಟು ಸಣ್ಣದರವರೆಗೆ ಗುರುತು ಸಿಗುತ್ತದೆ? ಸಿಮೆಂಟಿನ ಮೆಟ್ಟಿಲಿಗೆ ಸಿಮೆಂಟಿನದೇ ಅಂಚು, ಸಂಜೆ ಆರೂವರೆಯ ರಸ್ತೆ, ಎದುರಿಗೆ ಬರುವ ಸೈಕಲ್ಲು, ಮಧ್ಯಾಹ್ನದ ಹೊತ್ತಿಗೆ ಸೋತುಹೋದ ಕಣ್ಣು, ಇವು ಯಾವುವೂ ಆ ಚಾರ್ಟಿನಲ್ಲಿಲ್ಲ.

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಸುಮಾರು ಅರ್ಧದಷ್ಟು ಜನರಿಗೆ ಎಂದಾದರೊಮ್ಮೆ ಕಣ್ಣಿನ ನರದ ಉರಿಯೂತ, ಅಂದರೆ ಆಪ್ಟಿಕ್ ನ್ಯೂರೈಟಿಸ್, ಆಗಿರುತ್ತದೆ. ಕೆಲವು ವಾರಗಳಲ್ಲಿ ಚಾರ್ಟಿನ ದೃಷ್ಟಿ ಬಹುಪಾಲು ಮರಳಿ ಬರುತ್ತದೆ. ಉಳಿದದ್ದೆಲ್ಲ ಮರಳುತ್ತದೆ ಎಂದಲ್ಲ. ಅಮೆರಿಕದಲ್ಲಿ 1988ರಿಂದ 1991ರವರೆಗೆ ರೋಗಿಗಳನ್ನು ಸೇರಿಸಿಕೊಂಡ ಆಪ್ಟಿಕ್ ನ್ಯೂರೈಟಿಸ್ ಟ್ರೀಟ್‌ಮೆಂಟ್ ಟ್ರಯಲ್‌ನಲ್ಲಿ ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರ ದೃಷ್ಟಿ 6/12 ಅಥವಾ ಅದಕ್ಕಿಂತ ಚೆನ್ನಾಗಿತ್ತು. ಅದೇ ಜನರನ್ನು ವರ್ಷಗಳ ನಂತರ ಪ್ರಶ್ನಾವಳಿ ಹಿಡಿದು ಕೇಳಿದಾಗ ಕಣ್ಣಿನ ಕಾಯಿಲೆ ಇಲ್ಲದವರಿಗಿಂತ ಕಡಿಮೆ ಅಂಕ ಬಂತು. ಚಾರ್ಟು ಹೇಳಲಾಗದ್ದನ್ನು ಪ್ರಶ್ನಾವಳಿ ಹಿಡಿದು ಕೇಳಿ ಅಂಕ ಹಾಕುವ ನಮ್ಮ ಕೆಲಸ ಶುರುವಾಗುವುದು ಈ ಕಾರಣಕ್ಕೆ.

ನಾವು ಬಳಸುವ ಮುಖ್ಯ ಸಾಧನ ಎನ್‌ಇಐ ವಿಎಫ್‌ಕ್ಯು-25 (ವಿಷುಯಲ್ ಫಂಕ್ಷನ್ ಕ್ವೆಶ್ಚನೇರ್). ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ಗಾಗಿ ಮೊದಲು 51 ಪ್ರಶ್ನೆಗಳಲ್ಲಿ ತಯಾರಾಗಿ, 2001ರಲ್ಲಿ 25ಕ್ಕೆ ಇಳಿದ ಪ್ರಶ್ನಾವಳಿ ಇದು. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯ ರೆಟಿನಾ ತೊಂದರೆ, ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದ ಸವೆತ ಇಂಥವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಹಾಗಾಗಿ ಎಂಎಸ್‌ನವರ ಕೆಲವು ದೂರುಗಳಿಗೆ ಇದರಲ್ಲಿ ಜಾಗವೇ ಇರಲಿಲ್ಲ: ವಸ್ತು ಎರಡೆರಡಾಗಿ ಕಾಣುವುದು, ಎರಡು ಕಣ್ಣಿನ ನೋಟ ಬೇರೆ ಬೇರೆ ಅನ್ನಿಸುವುದು, ಚಲಿಸುವ ವಸ್ತುವಿನ ಹಿಂದೆ ಕಣ್ಣು ಹೋಗದಿರುವುದು. ಆ ಕೊರತೆಯನ್ನು ತುಂಬಲು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2006ರಲ್ಲಿ 10 ಪ್ರಶ್ನೆಗಳ ನ್ಯೂರೋ-ಆಫ್ತಾಲ್ಮಿಕ್ (ಕಣ್ಣು-ನರಗಳ) ಪೂರಕವನ್ನು ಪ್ರಕಟಿಸಿತು. ಎರಡನ್ನೂ ಒಟ್ಟಿಗೆ ಕೇಳದಿದ್ದರೆ ಎಂಎಸ್‌ನ ಅರ್ಧ ಕಥೆ ಕಾಗದದ ಮೇಲೆ ಬರುವುದೇ ಇಲ್ಲ.

ದಿನ ಗೊತ್ತುಮಾಡುವುದರಿಂದಲೇ ಎಚ್ಚರ ಬೇಕು. ಹೊಸ ರಿಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳುವುದು, ಆಗಿದ್ದರೆ, ಅಥವಾ ದಿನಕ್ಕೆ 1 ಗ್ರಾಂನಂತೆ ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್‌ನ ಡ್ರಿಪ್ ಈಗಷ್ಟೇ ಮುಗಿದಿದ್ದರೆ, ಕನಿಷ್ಠ 30 ದಿನ ಬಿಟ್ಟು ಕರೆಯುತ್ತೇವೆ. ಅದಕ್ಕೂ ಮುಂಚೆ ಕೇಳಿದ ಅಂಕ ಆ ವಾರದ್ದಾಗಿರುತ್ತದೆಯೇ ಹೊರತು ಆ ವ್ಯಕ್ತಿಯ ನಿತ್ಯದ ನೋಟದ್ದಲ್ಲ. (ರಿಲ್ಯಾಪ್ಸ್‌ನ ಪೆಟ್ಟನ್ನೇ ಅಳೆಯಬೇಕಿದ್ದರೆ ಮಾತು ಬೇರೆ; ಆಗ ಹಾಗೆಂದು ಹಾಳೆಯ ಮೇಲೆ ಬರೆಯಬೇಕು.) ಕನ್ನಡಕದ ನಂಬರ್ ಮೊದಲೇ ಸರಿಮಾಡಿಸಿರಬೇಕು. ಪ್ರಶ್ನಾವಳಿಯ ಸೂಚನೆಯೇ ‘ಕನ್ನಡಕ ಅಥವಾ ಲೆನ್ಸ್ ಹಾಕಿಕೊಂಡಾಗ ಹೇಗೋ ಹಾಗೆ ಉತ್ತರಿಸಿ’ ಎನ್ನುತ್ತದೆ. ನಲವತ್ತು ದಾಟಿದವರಲ್ಲಿ ಓದುವ ಕನ್ನಡಕವೇ ಇಲ್ಲದಿದ್ದರೆ, ‘ಪೇಪರ್ ಓದೋಕೆ ತುಂಬಾ ಕಷ್ಟ’ ಎಂಬ ಉತ್ತರ ಚಾಳೀಸಿನದು, ಎಂಎಸ್‌ನದಲ್ಲ. ಸ್ಟಿರಾಯ್ಡ್ ಹೆಚ್ಚು ಪಡೆದವರಲ್ಲಿ ಪೊರೆಯ ಸಾಧ್ಯತೆ, ಫಿಂಗೋಲಿಮಾಡ್ ಎಂಬ ಎಂಎಸ್ ಔಷಧ ತೆಗೆದುಕೊಳ್ಳುವವರಲ್ಲಿ ಮ್ಯಾಕ್ಯುಲಾ ಊತದ ಸಾಧ್ಯತೆ ಇವನ್ನೂ ಕಣ್ಣಿನ ಡಾಕ್ಟರು ಅದಕ್ಕೂ ಮೊದಲೇ ನೋಡಿರಬೇಕು.

ಬಿಸಿಲು ಇನ್ನೊಂದು. ಮೈ ಬಿಸಿಯಾದರೆ ನೋಟ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಉತಾಫ್ 1890ರಲ್ಲೇ ವಿವರಿಸಿದ್ದರು. ಮಯಲಿನ್ ಕಳೆದುಕೊಂಡ ನರ ಹೇಗೋ ಸಂದೇಶ ಸಾಗಿಸುತ್ತಿರುತ್ತದೆ. ಅರ್ಧ ಡಿಗ್ರಿ ಕಾವು ಏರಿದರೂ ಅದು ಸೋಲಬಹುದು. ಏಪ್ರಿಲ್‌ನಲ್ಲಿ ಕಲಬುರಗಿಯ ಬಸ್ಸಿಳಿದು, ಮೆಟ್ಟಿಲು ಹತ್ತಿ ಬಂದವರನ್ನು ಕೂರಿಸಿಕೊಂಡು ತಕ್ಷಣ ಶುರುಮಾಡಿದರೆ ಚಾರ್ಟಿನ ಅಂಕವೂ ಬೀಳುತ್ತದೆ, ಮನಸ್ಸೂ ಬಿದ್ದಿರುತ್ತದೆ. ನೀರು ಕೊಟ್ಟು, ಫ್ಯಾನಿನ ಕೆಳಗೆ 20 ನಿಮಿಷ ಕೂರಿಸಿ, ಆಮೇಲೆ ಮಾತು. ಮುಂದಿನ ಸಲ ಕರೆಯುವಾಗ ಅದೇ ಹೊತ್ತಿಗೆ ಕರೆಯುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಅಳೆದದ್ದನ್ನು ಸಂಜೆ ನಾಲ್ಕಕ್ಕೆ ಅಳೆದದ್ದಕ್ಕೆ ಹೋಲಿಸಿದರೆ ನಾವು ಹೋಲಿಸುತ್ತಿರುವುದು ಸುಸ್ತನ್ನು.

ಕ್ರಮ ಹೀಗೆ: ಮೊದಲು ಪ್ರಶ್ನಾವಳಿ, ಆಮೇಲೆ ಚಾರ್ಟು, ಕೊನೆಗೆ ಬೇಕಿದ್ದರೆ ಪಾಪೆ ಹಿಗ್ಗಿಸುವ ಹನಿ. ಚಾರ್ಟು ಮೊದಲಾದರೆ ಅದರಲ್ಲಿ ಗೆದ್ದವರು ‘ನನಗೇನೂ ಇಲ್ಲವೇನೋ’ ಎಂದು, ಸೋತವರು ‘ಎಲ್ಲ ಹೋಯ್ತು’ ಎಂದು ಉತ್ತರಗಳನ್ನು ಎಳೆಯುತ್ತಾರೆ. ಹನಿ ಬಿದ್ದ ಮೇಲಂತೂ ಕೇಳಲೇಬಾರದು. ಎಲ್ಲವೂ ಕಣ್ಣು ಕುಕ್ಕುವ ಹೊತ್ತು ಅದು.

ಪ್ರಶ್ನಾವಳಿಯನ್ನು ಅವರೇ ಓದಿ ತುಂಬಬಹುದು, ಅಥವಾ ನಾವು ಓದಿ ಹೇಳಬಹುದು. ಎರಡಕ್ಕೂ ಬೇರೆ ಬೇರೆ ನಮೂನೆಗಳಿವೆ. ಕೈ ನಡುಕ, ಬೆರಳಿನ ಜೋಮು, ನೋಟದ ತೊಂದರೆ ಮೂರೂ ಇರಬಹುದಾದವರಲ್ಲಿ ಓದಿ ಹೇಳುವುದೇ ವಾಸಿ. 25ಕ್ಕೆ ಸರಾಸರಿ 10 ನಿಮಿಷ ಎಂದು ಲೆಕ್ಕ. ಪೂರಕವೂ ಸೇರಿ, ಯೋಚಿಸಲು ಬಿಡುವು ಕೊಟ್ಟು ಕೇಳಿದರೆ ನಮಗೆ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಯಾವ ವಿಧಾನದಲ್ಲಿ ಶುರುಮಾಡಿದೆವೋ ಮುಂದಿನ ಭೇಟಿಗಳಲ್ಲೂ ಅದೇ. ಎದುರಿಗೆ ಕೂತವರಿಗೆ ‘ನಾನು ಎಲ್ಲದಕ್ಕೂ ಬೇರೆಯವರ ಮೇಲೆ ಆತುಕೊಂಡಿದ್ದೇನೆ’ ಎಂದು ಬಾಯಿಬಿಟ್ಟು ಹೇಳುವುದು ಕಾಗದದಲ್ಲಿ ಗುರುತು ಹಾಕುವುದಕ್ಕಿಂತ ಕಷ್ಟ. ಹಾಗಾಗಿ ಎರಡು ವಿಧಾನದ ಅಂಕಗಳನ್ನು ಬೆರೆಸಬಾರದು.

ಜೊತೆಗೆ ಬಂದವರು ಹೊರಗೆ ಕೂರಬೇಕು. ಇದನ್ನು ಹೇಳುವುದು ಮುಜುಗರದ ಕೆಲಸ, ಆದರೂ ಬಿಡುವಂತಿಲ್ಲ. ಗಂಡ ಪಕ್ಕದಲ್ಲಿದ್ದರೆ, ‘ಮನೆಯಲ್ಲೇ ಇರ್ತೀರಾ ಹೆಚ್ಚಾಗಿ?’ ಎಂದು ಕೇಳಿದ ಪ್ರಶ್ನೆಗೆ ಉತ್ತರ ಆತನಿಂದ ಬರುತ್ತದೆ. ಆಕೆ ತಲೆಯಾಡಿಸುತ್ತಾರೆ. ‘ಯಜಮಾನ್ರೇ, ಇದು ಅಕ್ಕನಿಗೆ ಹೇಗನ್ನಿಸುತ್ತೆ ಅನ್ನೋದರ ಲೆಕ್ಕ, ಅವರೇ ಹೇಳಬೇಕು. ಒಂದರ್ಧ ಗಂಟೆ ಹೊರಗಿರ್ತೀರಾ?’ ಎಂದರೆ ಯಾರೂ ಬೇಸರ ಮಾಡಿಕೊಂಡದ್ದಿಲ್ಲ.

ಇನ್ನು ಇಡೀ ಕೆಲಸದ ಮುಖ್ಯ ತೊಡಕಿಗೆ ಬರುತ್ತೇನೆ. 5ರಿಂದ 14ರವರೆಗಿನ ಪ್ರಶ್ನೆಗಳು ದಿನದ ಕೆಲಸಗಳ ಬಗ್ಗೆ: ಪತ್ರಿಕೆಯ ಅಕ್ಷರ ಓದುವುದು, ಅಡುಗೆ-ಹೊಲಿಗೆಯಂಥ ಹತ್ತಿರದ ಕೆಲಸ, ತುಂಬಿದ ಕಪಾಟಿನಲ್ಲಿ ಬೇಕಾದದ್ದನ್ನು ಹುಡುಕುವುದು, ರಸ್ತೆಯ ಫಲಕ ಓದುವುದು, ಮಬ್ಬು ಬೆಳಕಿನಲ್ಲಿ ಮೆಟ್ಟಿಲಿಳಿಯುವುದು, ನಡೆಯುವಾಗ ಪಕ್ಕದಲ್ಲಿರುವುದು ಕಾಣುವುದು, ಎದುರಿನವರ ಮುಖಭಾವ ತಿಳಿಯುವುದು, ಬಟ್ಟೆ ಹೊಂದಿಸುವುದು, ಇನ್ನೊಬ್ಬರ ಮನೆಗೆ ಹೋಗುವುದು, ಸಿನಿಮಾ-ನಾಟಕಕ್ಕೆ ಹೋಗುವುದು. ಪ್ರತಿಯೊಂದಕ್ಕೂ ಆರು ಉತ್ತರ. ಒಂದರಿಂದ ನಾಲ್ಕು ಎಷ್ಟು ಕಷ್ಟ ಎಂದು ಹೇಳುತ್ತವೆ. ಐದನೆಯದು ‘ಕಣ್ಣಿನ ಕಾರಣಕ್ಕೆ ಇದನ್ನು ಮಾಡುವುದನ್ನೇ ಬಿಟ್ಟಿದ್ದೇನೆ’. ಆರನೆಯದು ‘ಬೇರೆ ಕಾರಣಕ್ಕೆ ಬಿಟ್ಟಿದ್ದೇನೆ, ಅಥವಾ ಇದರಲ್ಲಿ ಆಸಕ್ತಿಯಿಲ್ಲ’.

ಪೊರೆ ಬಂದ ಹಿರಿಯರಲ್ಲಿ ಐದು ಮತ್ತು ಆರರ ಗೊಂದಲ ಅಷ್ಟಾಗಿ ಆಗುವುದಿಲ್ಲ. ಎಂಎಸ್‌ನವರಲ್ಲಿ ಅದೇ ದೊಡ್ಡ ಬಲೆ. ಅವರು ಸಿನಿಮಾಕ್ಕೆ ಹೋಗುವುದನ್ನು ಬಿಟ್ಟಿರುವುದು ಕಾಲಿನ ಬಿಗಿತಕ್ಕಿರಬಹುದು, ಮೂತ್ರ ತಡೆಯಲಾಗದ ಭಯಕ್ಕಿರಬಹುದು, ಮಧ್ಯಾಹ್ನದ ನಂತರ ಮೈ ಏಳದಷ್ಟು ಸುಸ್ತಿಗಿರಬಹುದು. ‘ಇಲ್ಲಪ್ಪ, ಈಗ ಹೋಗೋದೇ ಇಲ್ಲ’ ಎಂಬ ಉತ್ತರ ಕೇಳಿದ ತಕ್ಷಣ ಐದಕ್ಕೆ ಗುರುತು ಹಾಕಿದರೆ, ಕಾಲಿನ ಕಷ್ಟವನ್ನು ಕಣ್ಣಿನ ಖಾತೆಗೆ ಬರೆದಂತಾಯಿತು.

ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಲೆಕ್ಕ ಹಾಕಿಯೇ ನೋಡೋಣ. ಪ್ರತಿ ಉತ್ತರಕ್ಕೂ 0ಯಿಂದ 100ರೊಳಗೆ ಅಂಕ, 100 ಎಂದರೆ ಕಷ್ಟವೇ ಇಲ್ಲ. ಒಂದು ಮಾದರಿ ಹಾಳೆ ತೆಗೆದುಕೊಳ್ಳಿ. ಒಟ್ಟಾರೆ ನೋಟ 60. ಕಣ್ಣಿನ ನೋವು 75. ಹತ್ತಿರದ ಕೆಲಸದ ಮೂರು ಪ್ರಶ್ನೆಗಳಿಗೆ 50, 75, 50, ಅಂದರೆ ಸರಾಸರಿ 58.33, ಮನಸ್ಸಿನ ಸ್ಥಿತಿ 62.5, ಕೆಲಸದ ಪಾತ್ರ 50, ಪರಾವಲಂಬನೆ 75, ಬಣ್ಣ 75, ಅಂಚಿನ ನೋಟ 75. ದೂರದ ಕೆಲಸದಲ್ಲಿ ಫಲಕ 75, ಮೆಟ್ಟಿಲು 50, ಸಿನಿಮಾಕ್ಕೆ ಆರನೆಯ ಉತ್ತರ. ಆರನೆಯದಕ್ಕೆ ಅಂಕವಿಲ್ಲ, ಅದು ಖಾಲಿ. ಉಳಿದೆರಡರ ಸರಾಸರಿ 62.5. ಜನರೊಂದಿಗಿನ ಒಡನಾಟದಲ್ಲಿ ಮುಖಭಾವಕ್ಕೆ 100, ಇನ್ನೊಬ್ಬರ ಮನೆಗೆ ಹೋಗುವುದಕ್ಕೆ ಮತ್ತೆ ಆರನೆಯ ಉತ್ತರ, ಹಾಗಾಗಿ 100. ವಾಹನ ಎಂದೂ ಓಡಿಸಿಲ್ಲ, ಆ ವಿಭಾಗವೇ ಖಾಲಿ. ಹತ್ತು ವಿಭಾಗಗಳನ್ನು ಕೂಡಿದರೆ 693.33, ಹತ್ತರಿಂದ ಭಾಗಿಸಿದರೆ 69.33.

ಈಗ ಅವೇ ಎರಡು ಉತ್ತರಗಳಿಗೆ ಆರರ ಬದಲು ಐದು ಹಾಕಿ. ಐದಕ್ಕೆ 0 ಅಂಕ. ದೂರದ ವಿಭಾಗ 41.67ಕ್ಕೆ, ಒಡನಾಟ 50ಕ್ಕೆ ಇಳಿಯುತ್ತದೆ. ಒಟ್ಟು 622.5, ಸರಾಸರಿ 62.25. ಏಳಕ್ಕಿಂತ ಹೆಚ್ಚು ಅಂಕ ಹೋಯಿತು, ಕಣ್ಣಿನಲ್ಲಿ ಏನೂ ಬದಲಾಗದೆ! 2009ರಲ್ಲಿ ಪ್ರಕಟವಾದ ಎಂಎಸ್ ಅಧ್ಯಯನವೊಂದರಲ್ಲಿ ಚಾರ್ಟಿನ ಎರಡು ಸಾಲಿನ, ಅಂದರೆ 10 ಅಕ್ಷರದ, ವ್ಯತ್ಯಾಸಕ್ಕೆ ಈ ಪ್ರಶ್ನಾವಳಿಯಲ್ಲಿ 4ಕ್ಕಿಂತ ಹೆಚ್ಚು ಅಂಕದ ವ್ಯತ್ಯಾಸ ಜೊತೆಯಾಗಿತ್ತು. ಬದುಕಿನಲ್ಲಿ ಅರ್ಥವುಳ್ಳ ಕುಸಿತ ಎಂದು ಅದನ್ನು ಪರಿಗಣಿಸಿದ್ದಾರೆ. ಎರಡು ತಪ್ಪು ಗುರುತುಗಳು ಅದಕ್ಕಿಂತ ದೊಡ್ಡ ಕುಸಿತವನ್ನು ಕಾಗದದ ಮೇಲೆ ಹುಟ್ಟಿಸಬಲ್ಲವು.

ಅದಕ್ಕೆ ನಾವು ಹಾಳೆಯಲ್ಲೇ ಒಂದು ಮರುಪ್ರಶ್ನೆ ಅಚ್ಚುಮಾಡಿಸಿಕೊಂಡಿದ್ದೇವೆ. ‘ಮಾಡುವುದಿಲ್ಲ’ ಎಂದವರಿಗೆಲ್ಲ ಅದನ್ನೇ, ಅದೇ ಮಾತಿನಲ್ಲಿ, ಓದುತ್ತೇವೆ: ‘ಬಿಟ್ಟಿದ್ದು ಕಣ್ಣಿನಿಂದಲಾ, ಬೇರೆ ಕಾರಣದಿಂದಲಾ?’ ‘ಎರಡೂ’ ಎಂದರೆ, ‘ಕಾಲು, ಸುಸ್ತು ಎಲ್ಲ ಸರಿಯಿದ್ದು ಕಣ್ಣು ಮಾತ್ರ ಈಗಿನ ಹಾಗೇ ಇದ್ದಿದ್ದರೆ ಹೋಗ್ತಿದ್ದಿರಾ?’ ‘ಹೋಗ್ತಿದ್ದೆ’ ಎಂದರೆ ಆರು. ‘ಆಗಲೂ ಇಲ್ಲ’ ಎಂದರೆ ಐದು. ಹೇಳುವುದು ಸುಲಭ, ಹತ್ತು ವರ್ಷದಿಂದ ದೇಹ ಒಂದೊಂದಾಗಿ ಕೈಕೊಡುತ್ತಿರುವವರಿಗೆ ಯಾವುದು ಯಾವುದರಿಂದ ಎಂದು ಬಿಡಿಸಿ ನೋಡುವುದು ಸುಲಭವಲ್ಲ. ಆ ಮೌನಕ್ಕೆ ಕಾಯಬೇಕು. ನಾವು ಉತ್ತರ ಎತ್ತಿಕೊಡಬಾರದು.

ವಾಹನದ ಪ್ರಶ್ನೆಗಳಲ್ಲೂ ಇದೇ ತರ್ಕ. ಈಗ ಓಡಿಸುವುದಿಲ್ಲ ಎಂದರೆ ಎಂದಾದರೂ ಓಡಿಸಿದ್ದಿರಾ ಎಂದು ಕೇಳಬೇಕು. ಎಂದೂ ಇಲ್ಲವೆಂದರೆ ಖಾಲಿ. ಕಣ್ಣಿನ ಕಾರಣಕ್ಕೇ ಬಿಟ್ಟಿದ್ದರೆ 0. ಬೇರೆ ಕಾರಣವಾದರೆ ಖಾಲಿ. ಮೂಲದಲ್ಲಿರುವುದು ಕಾರು. ನಮ್ಮಲ್ಲಿ ಸ್ಕೂಟರ್ ಓಡಿಸುತ್ತಿದ್ದು ಬಿಟ್ಟವರೇ ಹೆಚ್ಚು, ಮತ್ತು ಸ್ಕೂಟರ್ ಬಿಡಲು ಕಣ್ಣಿಗಿಂತ ಮೊದಲು ಮೈಯ ಸಮತೋಲನ ಕಾರಣವಾಗುತ್ತದೆ. ದ್ವಿಚಕ್ರವನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂಬುದನ್ನು ಮೊದಲ ರೋಗಿಗೂ ಮುಂಚೆ ತೀರ್ಮಾನಿಸಿ ಬರೆದಿಡಬೇಕು. ಸೇರಿಸಿದರೆ ಹೊರಗಿನ ಅಧ್ಯಯನಗಳ ವಾಹನ ವಿಭಾಗದೊಂದಿಗೆ ನಮ್ಮದನ್ನು ಹೋಲಿಸುವಂತಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಇಂಗ್ಲಿಷ್ ಹಾಳೆ ಕೈಯಲ್ಲಿ ಹಿಡಿದು ಬಾಯಲ್ಲಿ ಕನ್ನಡ ಮಾಡುತ್ತ ಹೋಗುವುದು ಅತಿ ಕೆಟ್ಟ ವಿಧಾನ. ಪ್ರತಿ ಸಲವೂ ಪ್ರಶ್ನೆ ಬದಲಾಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸಬೇಕು, ಆಮೇಲೆ ಐದಾರು ರೋಗಿಗಳ ಮುಂದೆ ಓದಿ ‘ಇದು ನಿಮಗೇನು ಅರ್ಥವಾಯ್ತು, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಬೇಕು. ಬಣ್ಣ ಬಯಲಾಗುವುದು ಈ ಕೊನೆಯ ಹಂತದಲ್ಲೇ.

‘ನಿಮ್ಮ ದೃಷ್ಟಿ ಹೇಗಿದೆ’ ಎಂಬ ಪುಸ್ತಕದ ವಾಕ್ಯ ಹಲವರಿಗೆ ದೃಷ್ಟಿ ತಾಕುವುದನ್ನು ನೆನಪಿಸುತ್ತದೆ; ‘ಕಣ್ಣು ಹೇಗೆ ಕಾಣುತ್ತೆ’ ಎಂದರೆ ನೇರವಾಗಿ ಮುಟ್ಟುತ್ತದೆ. ಒಟ್ಟಾರೆ ನೋಟ ಕೇಳುವ ಈ ಎರಡನೆಯ ಪ್ರಶ್ನೆಯ ಉತ್ತರಗಳಲ್ಲಿ ‘ಪರವಾಗಿಲ್ಲ’ ಎಂಬುದನ್ನು ಇಡಲೇಬಾರದು. ಅದು ಚೆನ್ನಾಗಿದೆ ಎಂದೂ ಆಗಬಹುದು, ಸುಮಾರು ಎಂದೂ ಆಗಬಹುದು, ‘ಏನು ಮಾಡೋದು, ನಡೀತಿದೆ’ ಎಂದೂ ಆಗಬಹುದು. 80, 60, 40 ಮೂರೂ ಒಂದೇ ಪದದಲ್ಲಿ ಅಡಗಿವೆ. ಉತ್ತರವಾಗಿ ಬಂದಾಗಲೂ ಸ್ವೀಕರಿಸದೆ ಆಯ್ಕೆಗಳನ್ನು ಮತ್ತೊಮ್ಮೆ ಓದುತ್ತೇವೆ. ‘ಕಣ್ಣು ಕತ್ತಲೆ ಬರುತ್ತೆ’ ಎಂದವರು ತಲೆಸುತ್ತನ್ನು ಹೇಳುತ್ತಿರುತ್ತಾರೆ, ಕಾಣದಿರುವುದನ್ನಲ್ಲ.

20ರಿಂದ 25ರವರೆಗಿನ ಪ್ರಶ್ನೆಗಳಲ್ಲಿ ಒಂದು ಹೇಳಿಕೆ ಓದಿ, ಖಂಡಿತ ನಿಜದಿಂದ ಖಂಡಿತ ಸುಳ್ಳಿನವರೆಗೆ ಐದರಲ್ಲಿ ಒಂದನ್ನು ಆರಿಸಲು ಕೇಳಬೇಕು. ‘ಸುಳ್ಳು’ ಎಂಬ ಪದ ನಮ್ಮ ಕಿವಿಗೆ ಆರೋಪ. ‘ಕಣ್ಣಿನಿಂದಾಗಿ ನನಗೆ ಬೇರೆಯವರ ಸಹಾಯ ತುಂಬಾ ಬೇಕು, ಇದು ಸುಳ್ಳಾ?’ ಎಂದರೆ ಹಿರಿಯರು ಬೆಚ್ಚಿ ‘ಅಯ್ಯೋ, ನಾನ್ಯಾಕೆ ಸುಳ್ಳು ಹೇಳಲಿ’ ಎನ್ನುತ್ತಾರೆ. ‘ನನ್ನ ಮಟ್ಟಿಗೆ ಖಂಡಿತ ಹಾಗೇ’, ‘ಬಹುಮಟ್ಟಿಗೆ ಹಾಗೇ’, ‘ಹೇಳಕ್ಕಾಗಲ್ಲ’, ‘ಬಹುಮಟ್ಟಿಗೆ ಹಾಗಲ್ಲ’, ‘ಖಂಡಿತ ಹಾಗಲ್ಲ’ ಎಂದಿಟ್ಟ ಮೇಲೆ ಸಲೀಸಾಯಿತು. ನಡುವಿನ ‘ಹೇಳಕ್ಕಾಗಲ್ಲ’ಕ್ಕೆ 50 ಅಂಕ ಸಿಗುತ್ತದೆ. ಪ್ರಶ್ನೆ ಅರ್ಥವಾಗದೆ ಹಾಗೆಂದವರಿಗೂ 50 ಹೋಗಿಬಿಡುತ್ತದೆ. ಆದ್ದರಿಂದ ಆ ಉತ್ತರ ಬಂದಾಗ ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನವಾಗಿ ಓದುತ್ತೇವೆ.

ಉದಾಹರಣೆಗಳನ್ನು ಊರಿಗೆ ಹೊಂದಿಸಿಕೊಳ್ಳಬಹುದು, ಆದರೆ ಕೆಲಸದ ತೂಕ ಅದೇ ಇರಬೇಕು. ಹತ್ತಿರದ ಕೆಲಸಕ್ಕೆ ಅಕ್ಕಿಯಲ್ಲಿ ಕಲ್ಲು ಆರಿಸುವುದು, ಹೂ ಕಟ್ಟುವುದು ಒಪ್ಪುತ್ತವೆ. ಸೂಜಿಗೆ ದಾರ ಪೋಣಿಸುವುದು ಬೇಡ; ಎಂಎಸ್‌ನಲ್ಲಿ ಅದು ಕೈಯ ಪರೀಕ್ಷೆಯಾಗಿಬಿಡುತ್ತದೆ. ರಸ್ತೆ ಫಲಕಕ್ಕೆ ಬಸ್ಸಿನ ಬೋರ್ಡು ಹೇಳಿದರೆ ತೊಂದರೆ, ಅದು ಚಲಿಸುತ್ತಿರುತ್ತದೆ. ಅಂಗಡಿಯ ಹೆಸರು ಸರಿ. ಪತ್ರಿಕೆಯ ಪ್ರಶ್ನೆಯನ್ನು ಮೊಬೈಲಿಗೆ ಬದಲಿಸಬಾರದು, ಅಲ್ಲಿ ಅಕ್ಷರ ಹಿಗ್ಗುತ್ತದೆ, ಹಿಂದಿನಿಂದ ಬೆಳಕಿರುತ್ತದೆ. ಕನ್ನಡದ ಮುದ್ರಿತ ಸಾಲಿನಲ್ಲಿ ಒತ್ತಕ್ಷರಗಳು ಕೆಳಗೆ ಸಣ್ಣದಾಗಿ ಕೂತಿರುತ್ತವೆ. ನೋಟ ಮಸುಕಾದವರು ‘ಅಕ್ಷರ ಕಾಣುತ್ತೆ, ಒತ್ತು ಊಹೆ ಮಾಡ್ತೀನಿ’ ಎನ್ನುವುದುಂಟು. ಆ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತೇವೆ.

ಭಾರತದಲ್ಲೇ ರೂಪಿಸಿದ 33 ಪ್ರಶ್ನೆಗಳ ಇಂಡಿಯನ್ ವಿಷನ್ ಫಂಕ್ಷನ್ ಪ್ರಶ್ನಾವಳಿ ಇದೆ. ಸಾಮಾನ್ಯ ಕೆಲಸಗಳ 21, ಮನಸ್ಸು-ಸಮಾಜದ 5, ಕಣ್ಣಿನ ಲಕ್ಷಣಗಳ 7. ನಮ್ಮ ಬದುಕಿಗೆ ಹತ್ತಿರ ಎಂಬುದು ನಿಜ. ಆದರೆ ಎಂಎಸ್‌ನ ಬಗ್ಗೆ ಹೊರಗೆ ಆಗಿರುವ ಕೆಲಸದ ಬಹುಪಾಲು ವಿಎಫ್‌ಕ್ಯು ಮತ್ತು ಪೂರಕದ ಮೇಲೆ ನಿಂತಿದೆ, ಹೋಲಿಕೆ ಬೇಕಾದವರು ಅದನ್ನು ಬಿಡಲಾಗುವುದಿಲ್ಲ. ಸಮಯವೇ ಇಲ್ಲದ ಒಪಿಡಿಯಲ್ಲಿ ಐದೇ ಪ್ರಶ್ನೆಗಳ ಐವಿಐಎಸ್ ಮಾಪನ ಸಾಕು. ಎಂಎಸ್‌ನವರಿಗೆಂದೇ ಕಟ್ಟಿದ ದೊಡ್ಡ ಪ್ರಶ್ನಾವಳಿಯ ಒಂದು ತುಂಡು ಅದು, 0ಯಿಂದ 15ರವರೆಗೆ. ನೆನಪಿಡಬೇಕಾದದ್ದು ದಿಕ್ಕು: ಐವಿಐಎಸ್‌ನಲ್ಲಿ ಅಂಕ ಏರಿದರೆ ಕಷ್ಟ ಹೆಚ್ಚು, ವಿಎಫ್‌ಕ್ಯುನಲ್ಲಿ ಅಂಕ ಏರಿದರೆ ಕಷ್ಟ ಕಡಿಮೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತಲೆಕೆಳಗಾಗಿ ಓದಿದವರಿದ್ದಾರೆ.

ಪೂರಕದ ಹತ್ತು ಪ್ರಶ್ನೆಗಳನ್ನು ಕೇಳುವಾಗ ನರವಿಜ್ಞಾನ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಕಣ್ಣು ಸೋತಾಗಿನ ಕೆಲಸ, ಉರಿಬಿಸಿಲಿನ ಕೆಲಸ, ಕಂಪ್ಯೂಟರ್, ಕಾರು ನಿಲ್ಲಿಸುವುದು, ಮಸುಕು ನೋಟ, ಎರಡಾಗಿ ಕಾಣುವುದು, ಎರಡು ಕಣ್ಣಿನ ವ್ಯತ್ಯಾಸ, ಚಲಿಸುವುದರ ಮೇಲೆ ನೋಟ ನಿಲ್ಲಿಸುವುದು, ಜೊತೆಗೆ ರೆಪ್ಪೆ ಮತ್ತು ಕಣ್ಣಿನ ತೋರಿಕೆ. ಚಲಿಸುವುದರ ಪ್ರಶ್ನೆಗೆ ‘ತುಂಬಾ ಕಷ್ಟ’ ಎಂದವರಲ್ಲಿ ಕೆಲವರಿಗೆ ಮಿದುಳುಕಾಂಡದ ಒಂದು ತಂತುವಿಗೆ ಪೆಟ್ಟಾಗಿರುತ್ತದೆ. ಪಕ್ಕಕ್ಕೆ ಬೇಗ ನೋಡಿದಾಗ ಮೂಗಿನ ಕಡೆಗೆ ತಿರುಗಬೇಕಾದ ಕಣ್ಣು ಹಿಂದೆ ಬೀಳುತ್ತದೆ, ಕ್ಷಣ ಹೊತ್ತು ಲೋಕ ಎರಡಾಗುತ್ತದೆ. ಇನ್ನು ಕೆಲವರಿಗೆ ಒಂದು ಕಣ್ಣಿನ ನರದಲ್ಲಿ ಸಂದೇಶ ತಡವಾಗಿ ಸಾಗುತ್ತದೆ. ಆಗ ನೇರ ಅಡ್ಡ ಹೋಗುವ ವಸ್ತು ಹತ್ತಿರ ಬಂದು ದೂರ ಹೋದಂತೆ ತೋರುತ್ತದೆ. ಪುಲ್‌ಫ್ರಿಶ್ ಪರಿಣಾಮ ಎಂದು ಇದಕ್ಕೆ ಹೆಸರು. ರಸ್ತೆ ದಾಟುವಾಗ ಸ್ಕೂಟರ್ ಎಷ್ಟು ದೂರದಲ್ಲಿದೆ ಎಂದು ಗೊತ್ತೇ ಆಗುವುದಿಲ್ಲ ಎಂಬ ದೂರನ್ನು ಮನೆಯವರು ಭಯ ಎಂದುಕೊಂಡಿರುತ್ತಾರೆ. ರೆಪ್ಪೆ ಜೋಲುವ ಪ್ರಶ್ನೆಗೆ ಎಂಎಸ್‌ನವರಲ್ಲಿ ಸಾಮಾನ್ಯವಾಗಿ ಪೂರ್ಣ ಅಂಕ ಬರುತ್ತದೆ. ಪೂರಕವನ್ನು ಕಟ್ಟಿದ್ದು ಸ್ನಾಯುಗಳು ಬೇಗ ಸೋಲುವ ಮಯಸ್ತೀನಿಯಾದಂಥ ಕಾಯಿಲೆಗಳನ್ನೂ ಸೇರಿಸಿಕೊಂಡು. ಅಲ್ಲಿ ಅಂಕ ಬಿದ್ದರೆ ಹಾಳೆಯನ್ನು ಬದಿಗಿಟ್ಟು ಡಾಕ್ಟರನ್ನು ಕರೆಯಬೇಕು.

ಅಂಕ ಹಾಕುವಾಗಿನ ತಪ್ಪುಗಳು ಹೊಸಬರಲ್ಲಿ ಎಲ್ಲೆಲ್ಲೂ ಒಂದೇ. ಒಂದು, ಮೊದಲ ಪ್ರಶ್ನೆಯಾದ ಒಟ್ಟಾರೆ ಆರೋಗ್ಯವನ್ನು ಸರಾಸರಿಗೆ ಸೇರಿಸುವುದು. ಅದು ಹನ್ನೆರಡನೆಯ ವಿಭಾಗ, ಒಟ್ಟು ಅಂಕಕ್ಕೆ ಲೆಕ್ಕವಿಲ್ಲ. ಉಳಿದ ಹನ್ನೊಂದರದ್ದೇ ಸರಾಸರಿ. ಎರಡು, ಪ್ರಶ್ನೆಗಳನ್ನೆಲ್ಲ ಕೂಡಿ ಭಾಗಿಸುವುದು. ಮೊದಲು ವಿಭಾಗದ ಸರಾಸರಿ, ಆಮೇಲೆ ವಿಭಾಗಗಳ ಸರಾಸರಿ. ಇಲ್ಲದಿದ್ದರೆ ನಾಲ್ಕು ಪ್ರಶ್ನೆಯ ಮನಸ್ಸಿನ ವಿಭಾಗ ಒಂದೇ ಪ್ರಶ್ನೆಯ ಬಣ್ಣದ ವಿಭಾಗವನ್ನು ನುಂಗುತ್ತದೆ. ಮೂರು, 17ರಿಂದ ಮುಂದೆ ದಿಕ್ಕು ಬದಲಾಗುವುದನ್ನು ಮರೆಯುವುದು. ಅಲ್ಲಿ ‘ಯಾವಾಗಲೂ’ ಎಂಬ ಮೊದಲ ಉತ್ತರಕ್ಕೆ 0, ‘ಎಂದೂ ಇಲ್ಲ’ ಎಂಬ ಐದನೆಯದಕ್ಕೆ 100. ಎಕ್ಸೆಲ್ ಹಾಳೆಯಲ್ಲಿ ಖಾಲಿಯನ್ನು 0 ಎಂದು ತುಂಬುವುದು ನಾಲ್ಕನೆಯದು, ಅತಿ ಅಪಾಯದ್ದು. ಖಾಲಿ ಎಂದರೆ ಖಾಲಿ ಕೋಶವೇ. ಪೂರಕದ 0-100 ಅಂಕವನ್ನು ಬೇರೆಯಾಗಿಯೇ ಬರೆಯಬೇಕು. ಒಟ್ಟು ಅಂಕವೊಂದನ್ನೇ ನಂಬಿ ಕೂರುವುದೂ ಸಲ್ಲ. ಈ ಪ್ರಶ್ನಾವಳಿ ಒಂದೇ ಗುಣವನ್ನು ಅಳೆಯುತ್ತಿಲ್ಲ, ನೋಡುವ ಸಾಮರ್ಥ್ಯ ಮತ್ತು ಮನಸ್ಸು-ಸಮಾಜ ಎಂಬ ಎರಡನ್ನು ಬೆರೆಸಿದೆ ಎಂಬ ಟೀಕೆ ರಾಶ್ ವಿಶ್ಲೇಷಣೆ (ಪ್ರಶ್ನಾವಳಿಯನ್ನೇ ಪರೀಕ್ಷಿಸುವ ಸಂಖ್ಯಾಶಾಸ್ತ್ರದ ವಿಧಾನ) ಮಾಡಿದವರಿಂದ ಬಂದಿದೆ, ಮತ್ತು ಅದು ಸರಿಯಾದ ಟೀಕೆ. ವಿಭಾಗಗಳನ್ನು ಬಿಡಿಬಿಡಿಯಾಗಿ ಬರೆದರೆ ಮುಂದೆ ಓದುವವರಿಗೆ ಉಪಯೋಗ.

ಪ್ರಶ್ನೆಗಳು ಮುಗಿದ ಮೇಲೆ ಚಾರ್ಟು. ಅಚ್ಚ ಕಪ್ಪಿನದರ ಜೊತೆಗೆ ಶೇ 2.5 ಮತ್ತು ಶೇ 1.25 ಕಾಂಟ್ರಾಸ್ಟಿನ, ಅಂದರೆ ಬಿಳಿಯ ಮೇಲೆ ತೀರ ಮಸುಕು ಅಕ್ಷರಗಳಿರುವ, ಸ್ಲೋನ್ ಚಾರ್ಟುಗಳು, ಹಿಂದಿನಿಂದ ಬೆಳಗುವ ಪೆಟ್ಟಿಗೆಯಲ್ಲಿ, 2 ಮೀಟರ್ ದೂರದಲ್ಲಿ. ಸಾಲಿಗೆ ಐದು ಅಕ್ಷರ, ಸರಿಯಾಗಿ ಹೇಳಿದ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕ. ಕುರ್ಚಿಯ ಕಾಲಿಗೆ ನೆಲದಲ್ಲಿ ಟೇಪು ಅಂಟಿಸಿರಬೇಕು; ಮುಂದಕ್ಕೆ ಬಾಗಿದರೆ 2 ಮೀಟರ್ ಉಳಿಯುವುದಿಲ್ಲ. ‘ಕಾಣ್ತಿಲ್ಲ’ ಎಂದ ತಕ್ಷಣ ನಿಲ್ಲಿಸದೆ ‘ಊಹೆ ಮಾಡಿ ಹೇಳಿ, ತಪ್ಪಾದ್ರೂ ಪರವಾಗಿಲ್ಲ’ ಎನ್ನುತ್ತೇವೆ. ಮಸುಕು ಅಕ್ಷರ ಎದ್ದು ಬರಲು ಎಂಎಸ್ ಕಣ್ಣಿಗೆ ಹೊತ್ತು ಬೇಕು. ಒಂದೊಂದು ಕಣ್ಣು ಬೇರೆ, ಆಮೇಲೆ ಎರಡೂ ಸೇರಿ. ಎರಡೂ ತೆರೆದಾಗ ಒಂದೇ ಕಣ್ಣಿಗಿಂತ ಚೆನ್ನಾಗಿ ಕಾಣುವುದು ಸಹಜ. ಕೆಲವರಲ್ಲಿ ತಿರುಗುಮುರುಗಾಗಿ, ಕೆಟ್ಟ ಕಣ್ಣು ಒಳ್ಳೆಯ ಕಣ್ಣನ್ನೂ ಕೆಳಗೆಳೆಯುತ್ತದೆ. ‘ಎರಡು ಕಣ್ಣಿನ ನೋಟ ಬೇರೆ ಬೇರೆ’ ಎಂಬ ಪೂರಕದ ಉತ್ತರಕ್ಕೆ ಇಲ್ಲಿ ಸಾಕ್ಷಿ ಸಿಗುತ್ತದೆ. ಶೇ 2.5ರಲ್ಲಿ 7 ಅಕ್ಷರದ ಬದಲಾವಣೆಯನ್ನು ಅರ್ಥಪೂರ್ಣ ಎಂದು ಹಿಡಿಯುವುದು ವಾಡಿಕೆ. ಸ್ಲೋನ್ ಚಾರ್ಟಿನಲ್ಲಿರುವುದು ಹತ್ತು ರೋಮನ್ ಅಕ್ಷರ ಮಾತ್ರ. ಇಂಗ್ಲಿಷ್ ಬಾರದವರಿಗೆ ಆ ಹತ್ತೂ ಇರುವ ದೊಡ್ಡ ಕಾರ್ಡನ್ನು ಮಡಿಲಲ್ಲಿಟ್ಟು ಬೆರಳಿಟ್ಟು ತೋರಿಸಲು ಹೇಳುತ್ತೇವೆ. ಕೈ ನಡುಗುವವರಿಗೆ ಅದೂ ಕಷ್ಟ. ಆಗ ಕಾರ್ಡಿನ ಮೇಲೆ ನಾವು ಬೆರಳಾಡಿಸುತ್ತ ಹೋಗಿ ‘ಇದಾ?’ ಎಂದು ಕೇಳುತ್ತೇವೆ, ಮತ್ತು ಹಾಗೆ ಮಾಡಿದ್ದನ್ನು ಬರೆಯುತ್ತೇವೆ.

ಆರು ತಿಂಗಳ ನಂತರ ಮತ್ತೆ ಕೇಳುವಾಗ ಹಳೆಯ ಉತ್ತರ ತೋರಿಸುವುದಿಲ್ಲ. ಚಾರ್ಟು ಹಾಗೇ ಇದ್ದು ಪ್ರಶ್ನಾವಳಿಯ ಅಂಕ ಏರಿದ್ದರೆ ಅದನ್ನು ತಪ್ಪು ಎನ್ನಬೇಡಿ. ಜನ ಹೊಂದಿಕೊಳ್ಳುತ್ತಾರೆ: ಡಬ್ಬಿಗಳಿಗೆ ಜಾಗ ಗೊತ್ತುಮಾಡುತ್ತಾರೆ, ಸಂಜೆಯ ಕೆಲಸವನ್ನು ಬೆಳಿಗ್ಗೆಗೆ ತರುತ್ತಾರೆ. ಕಷ್ಟ ಎಂಬುದರ ಅಳತೆಗೋಲೇ ಒಳಗೆ ಬದಲಾಗಿರುತ್ತದೆ. ಹೊಸ ಔಷಧದ ಪರಿಣಾಮ ನೋಡಲು ಹೊರಟವರಿಗೆ ಇದು ತೊಡಕು; ಆ ಮನೆಯವರಿಗೆ ಒಳ್ಳೆಯ ಸುದ್ದಿ. ಮಾತು, ಹೊತ್ತು, ವಿಧಾನ, ಸಾಧ್ಯವಾದರೆ ಕೇಳುವವರು ಕೂಡ ಬದಲಾಗದಂತೆ ನೋಡಿಕೊಂಡರೆ ಮಾತ್ರ ಈ ಎರಡರ ನಡುವೆ ವ್ಯತ್ಯಾಸ ತಿಳಿಯಲು ಅವಕಾಶ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಆಡುವವರಾದರೆ ಮೊದಲ ದಿನ ಯಾವ ಭಾಷೆಯ ಹಾಳೆ ಬಳಸಿದೆವು ಎಂಬುದೂ ದಾಖಲೆಯಲ್ಲಿರಬೇಕು.

ಹಾಳೆ ಕಡತಕ್ಕೆ ಹೋಗುವ ಮುಂಚೆ ಒಂದು ಸಲ ಬಿಡಿ ಪ್ರಶ್ನೆಗಳ ಮೇಲೆ ಕಣ್ಣಾಡಿಸುತ್ತೇವೆ. ಎರಡಾಗಿ ಕಾಣುವುದು ಸ್ಥಿರವಾಗಿದ್ದರೆ ಕನ್ನಡಕದ ಗಾಜಿಗೆ ಅಂಟಿಸಿ ಎರಡು ಚಿತ್ರಗಳನ್ನು ಒಂದಾಗಿಸುವ ತೆಳು ಹಾಳೆ, ಫ್ರೆನೆಲ್ ಪ್ರಿಸಂ, ಪ್ರಯತ್ನಿಸಬಹುದು. ಬಿಸಿಲಿನ ಪ್ರಶ್ನೆಗೆ ಅಂಚಿನ ಟೋಪಿ, ಬಣ್ಣದ ಗಾಜು. ಒಂಬತ್ತನೆಯ ಪ್ರಶ್ನೆ, ಮಬ್ಬು ಬೆಳಕಿನ ಮೆಟ್ಟಿಲು, 50ಕ್ಕಿಂತ ಕೆಳಗಿದ್ದರೆ ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಟೇಪು ಅಂಟಿಸಿ, ಹೊಸ್ತಿಲಿಗೂ ಒಂದು ಪಟ್ಟಿ ಬಳಿದು, ತಿರುವಿನಲ್ಲೊಂದು ದೀಪ ಹಾಕಿಸಲು ಮನೆಯವರನ್ನು ಒಳಗೆ ಕರೆದು ಹೇಳುತ್ತೇವೆ. ಮುಂದಿನ ಭೇಟಿಯಲ್ಲಿ ಟೇಪಿನ ಮಾತೆತ್ತದೆ ಅದೇ ಒಂಬತ್ತನೆಯ ಪ್ರಶ್ನೆಯನ್ನು ಅವೇ ಶಬ್ದಗಳಲ್ಲಿ ಓದುತ್ತೇವೆ. ಟೇಪು ಅಂಟಿಸಿದರೋ ಇಲ್ಲವೋ ಎಂದು ಕೇಳುವುದು 25 ಮತ್ತು 10 ಎರಡೂ ಮುಗಿದ ಮೇಲೆ.